ಗಡಿ ಶಾಲೆಯ ಶಿಕ್ಷಕರಿಗೊಂದು ಆನ್‌ಲೈನ್ ಕಲಿಕಾ ಬಳಗ



1956ರ ನವೆಂಬರ್ 1ರ ಮೊದಲು ನಾರಾಯಣಖೇಡ್ ಮತ್ತು ಜಹೀರಾಬಾದ್ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗ ಜಿಲ್ಲೆಯಲ್ಲಿತ್ತು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಮೂರೂ ಆಂಧ್ರಪ್ರದೇಶದ ಪಾಲಾದವು, 2014ರಿಂದ ತೆಲಂಗಾಣದಲ್ಲಿವೆ. ಊರು ಇದ್ದಲ್ಲೇ ಇತ್ತು, ಶಿಕ್ಷಣ ಇಲಾಖೆ ಬದಲಾಯಿತು. ಅದರ ಹೊರೆಯನ್ನು ಕನ್ನಡ ಕಲಿಸುವ ನಮ್ಮ ಶಿಕ್ಷಕರು ಇಂದಿಗೂ ಹೊರುತ್ತಿದ್ದಾರೆ. ಇಲ್ಲಿಯ ತರಬೇತಿ ಹೆಚ್ಚಾಗಿ ತೆಲುಗಿನಲ್ಲಿ. ಕರ್ನಾಟಕದ ತರಬೇತಿ ಆ ರಾಜ್ಯದ ನೌಕರರಿಗೆ. ಶಾಲೆಯಲ್ಲಿ ಕನ್ನಡದವರು ಒಬ್ಬರೇ ಇದ್ದರೆ ಛಂದಸ್ಸಿನ ಒಂದು ಸಂದೇಹ ಕೇಳಲೂ ಪಕ್ಕದ ಕೋಣೆಯಲ್ಲಿ ಯಾರೂ ಇರುವುದಿಲ್ಲ.

ಇದಕ್ಕೆ ಒಂದು ದಾರಿಯನ್ನು ಕರ್ನಾಟಕದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರೇ ತೋರಿಸಿದ್ದಾರೆ. 2011ರಲ್ಲಿ ಅಲ್ಲಿಯ ಡಿಎಸ್‌ಇಆರ್‌ಟಿ, ಆರ್‌ಎಂಎಸ್‌ಎ ಮತ್ತು ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ವಿಷಯ ಶಿಕ್ಷಕರ ವೇದಿಕೆಯನ್ನು ಆರಂಭಿಸಿದವು. ಶಿಕ್ಷಕರು ಮೊದಲು ಕಾರ್ಯಾಗಾರದಲ್ಲಿ ಕೂಡಿ ಕುಳಿತು ಜಿಯೋಜೀಬ್ರಾದಂಥ ಉಚಿತ ತಂತ್ರಾಂಶಗಳಲ್ಲಿ ಕೈ ಪಳಗಿಸಿಕೊಂಡರು. ಊರಿಗೆ ಮರಳಿದ ಮೇಲೆ ಇ-ಮೇಲ್ ಮೂಲಕ ಮಾತು ಮುಂದುವರಿಯಿತು. ಒಂದು ಜಿಲ್ಲೆಯವರು ಕೇಳಿದ ಲೆಕ್ಕಕ್ಕೆ ಇನ್ನೊಂದು ಜಿಲ್ಲೆಯವರು ಉತ್ತರ ಬರೆದರು. ಮುಖ ನೋಡಿದ ಪರಿಚಯವಿದ್ದುದರಿಂದ "ನನಗೆ ಇದು ಗೊತ್ತಿಲ್ಲ" ಎನ್ನಲು ಸಂಕೋಚ ಕಡಿಮೆಯಾಗುತ್ತದೆ ಎಂಬುದು ನನ್ನ ಅಭಿಪ್ರಾಯ. ಅಪರಿಚಿತರ ನಡುವೆ ಮೇಷ್ಟ್ರು ಹಾಗೆ ಹೇಳುವುದು ಸುಲಭವಲ್ಲ!

ಆ ಕೆಲಸದಿಂದಲೇ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ಜಾಲತಾಣವೂ ಬೆಳೆಯಿತು. ಚುಟುಕಾಗಿ ಅದನ್ನು ಕೋಯರ್ ಎನ್ನುತ್ತಾರೆ. ವಿಕಿಪೀಡಿಯದ ಹಾಗೆ ಹಲವರು ಸೇರಿ ಬರೆದು ತಿದ್ದುವ ಈ ತಾಣದಲ್ಲಿ ಶಿಕ್ಷಕರು ಸಿದ್ಧಪಡಿಸಿದ ಪಾಠ ಸಾಮಗ್ರಿ ಮುಕ್ತ ಪರವಾನಗಿಯಲ್ಲಿದೆ. ನಾರಾಯಣಖೇಡಿನಲ್ಲಿ ಕುಳಿತವರೂ ಅದನ್ನು ಇಳಿಸಿಕೊಳ್ಳಬಹುದು, ತಮ್ಮ ತರಗತಿಗೆ ತಕ್ಕಂತೆ ಬದಲಿಸಬಹುದು. ಯಾರ ಕಚೇರಿಗೂ ಅರ್ಜಿ ಹಾಕಬೇಕಾಗಿಲ್ಲ.

ಗುಮಾಸ್ತನಾಗಿ ದುಡಿದ ನನಗೆ ಇಲ್ಲಿ ಮುಖ್ಯವಾಗಿ ಕಂಡದ್ದು ಕಡತದ ವಿಚಾರ. ವಾಟ್ಸಾಪಿನಲ್ಲಿ ಬೆಳಿಗ್ಗೆ ಬಂದ ಒಳ್ಳೆಯ ಉತ್ತರ ಸಂಜೆಗೆ ಹಬ್ಬದ ಶುಭಾಶಯಗಳ ಅಡಿಯಲ್ಲಿ ಹೂತುಹೋಗುತ್ತದೆ. ಮುಂದಿನ ವರ್ಷ ಅದೇ ಪ್ರಶ್ನೆ ಮತ್ತೆ ಏಳುತ್ತದೆ. ಅಷ್ಟರಲ್ಲಿ ಉತ್ತರ ಬಲ್ಲ ಹಿರಿಯರು ನಿವೃತ್ತರಾಗಿರುತ್ತಾರೆ. ಆದ್ದರಿಂದ ಬಳಗದಲ್ಲಿ ಒಬ್ಬರು ಕಡತದ ಹೊಣೆ ಹೊರಬೇಕು: ತರಗತಿ, ಪಾಠ, ಪ್ರಶ್ನೆ, ಉತ್ತರ, ಉತ್ತರಿಸಿದವರ ಹೆಸರು. ಗೂಗಲ್ ಡ್ರೈವಿನಲ್ಲಿ ಒಂದು ಹಂಚಿಕೆಯ ಫೋಲ್ಡರ್ ಸಾಕು. ಮಕ್ಕಳ ಫೋಟೋ, ಅಂಕಪಟ್ಟಿ ಅದರಲ್ಲಿ ಬೇಡ.

ಬಳಗ ದೊಡ್ಡದಾಗಬೇಕಿಲ್ಲ. ಐದಾರು ಮಂದಿ ಸಾಕು. ಅವರಲ್ಲಿ ಇಬ್ಬರು ಬೀದರ್, ಚಿಂಚೋಳಿ ಅಥವಾ ಸೇಡಂ ಕಡೆಯವರಿರಲಿ. ತೆಲುಗು ಬಲ್ಲ ನಮ್ಮವರು ಇಲ್ಲಿಯ ಒಳ್ಳೆಯ ಚಟುವಟಿಕೆಗಳನ್ನು ಕನ್ನಡಕ್ಕೆ ತಂದು ಅವರಿಗೂ ಕೊಡಬಹುದು. ಬರೀ ಕೇಳುತ್ತ ಕೂತರೆ ನಂಟು ಬಹಳ ದಿನ ಬಾಳುವುದಿಲ್ಲ.

ಎರಡು ಸಣ್ಣ ತೊಡಕುಗಳನ್ನು ಮೊದಲೇ ಹೇಳಿಬಿಡುತ್ತೇನೆ. ನುಡಿ ಅಥವಾ ಬರಹದ ಹಳೆಯ ಫಾಂಟಿನಲ್ಲಿ ಮಾಡಿದ ಪ್ರಶ್ನೆಪತ್ರಿಕೆ ಫೋನಿನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ. ಫೈಲು ಕೆಟ್ಟಿದೆಯೆಂದು ಅಳಿಸಬೇಡಿ, ಯೂನಿಕೋಡಿಗೆ ಪರಿವರ್ತಿಸಿದರೆ ಓದಬಹುದು. ಇನ್ನು, 2017ರಲ್ಲಿ ಆರಂಭವಾದ ದೀಕ್ಷಾ ಆ್ಯಪಿನಲ್ಲಿ ನಮ್ಮವರು ತೆಲಂಗಾಣವನ್ನಷ್ಟೇ ಆರಿಸಿ ಬಿಟ್ಟುಬಿಡುತ್ತಾರೆ. ಬೋರ್ಡಿನ ಜಾಗದಲ್ಲಿ ಕರ್ನಾಟಕ, ಮಾಧ್ಯಮದಲ್ಲಿ ಕನ್ನಡ ಎಂದು ಬದಲಿಸಿದರೆ ಅಲ್ಲಿಯ ಪಠ್ಯ, ವಿಡಿಯೋಗಳೂ ತೆರೆದುಕೊಳ್ಳುತ್ತವೆ.

ಕನ್ನಡ ಕಲಿಸುತ್ತಿರುವ ಸದಸ್ಯರು, ನಿವೃತ್ತ ಶಿಕ್ಷಕರೂ ಸೇರಿದಂತೆ, ತಮ್ಮ ಊರು, ಕಲಿಸಿದ ತರಗತಿಗಳು, ಇತರರಿಗೆ ವಿವರಿಸಬಲ್ಲ ಒಂದು ಪಾಠ, ಇಷ್ಟನ್ನು ಬರೆದು ಸಂಘಕ್ಕೆ ತಲುಪಿಸಬೇಕಾಗಿ ವಿನಂತಿ. ಪಟ್ಟಿಯನ್ನು ಊರುವಾರು ಜೋಡಿಸಿ, ಕಳುಹಿಸಿದ ಎಲ್ಲರಿಗೂ ಒಂದೊಂದು ಪ್ರತಿ ಕೊಡಲಾಗುವುದು.

– ಕಾರ್ಯದರ್ಶಿ