ಅರುಣಾ ಶಾನಭಾಗ ಪ್ರಕರಣ ಮತ್ತು 2025ರ ಕರ್ನಾಟಕ ಆದೇಶ: ದಯಾಮರಣದ ಅರ್ಥವ್ಯಾಪ್ತಿಯ ಕುರಿತು ಒಂದು ಟಿಪ್ಪಣಿ

1. ವ್ಯಾಪ್ತಿ

ಕರ್ನಾಟಕದ ಆರೋಗ್ಯ ಇಲಾಖೆ 2025ರ ಜನವರಿ 30ರಂದು ಹೊರಡಿಸಿದ ಆದೇಶವನ್ನು ಹಲವು ವರದಿಗಳು 'ದಯಾಮರಣಕ್ಕೆ ಅವಕಾಶ' ಎಂದೇ ಬಣ್ಣಿಸಿದವು. ಅದರ ಮೂಲವನ್ನು ಹೊನ್ನಾವರ ತಾಲ್ಲೂಕಿನ ಹಳದೀಪುರದಲ್ಲಿ ಹುಟ್ಟಿದ ಅರುಣಾ ಶಾನಭಾಗರ ಪ್ರಕರಣದಲ್ಲಿ ಗುರುತಿಸುವುದು ವಾಡಿಕೆಯಾಗಿದೆ. ಈ ವಂಶಾವಳಿ ಭಾಗಶಃ ಮಾತ್ರ ಸರಿ ಎಂಬುದು ಇಲ್ಲಿನ ವಾದ. 2009ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಕೇಳಿದ್ದು ಒಂದು, 2025ರಲ್ಲಿ ವ್ಯವಸ್ಥೆಗೊಂಡದ್ದು ಇನ್ನೊಂದು. ಪರಿಶೀಲನೆ 2025ರ ಜನವರಿಯವರೆಗಿನ ಬೆಳವಣಿಗೆಗಳಿಗೆ ಸೀಮಿತ.

2. ದಿನಾಂಕಗಳು

ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಶುಶ್ರೂಷಕಿಯಾಗಿದ್ದ ಶಾನಭಾಗರ ಮೇಲೆ ದಾಳಿ ನಡೆದದ್ದು 1973ರ ನವೆಂಬರ್ 27ರ ಸಂಜೆ. ಅವರು ಕಣ್ಣಿಗೆ ಬಿದ್ದದ್ದು ಮರುದಿನ ಬೆಳಿಗ್ಗೆ 7.45ಕ್ಕೆ. ಬರಹಗಳಲ್ಲಿ ಎರಡು ದಿನಾಂಕ ಕಾಣುವುದಕ್ಕೆ ಇದೇ ಕಾರಣವಿರಬಹುದು. ಕೊರಳಿಗೆ ನಾಯಿಯ ಸರಪಳಿ ಬಿಗಿದದ್ದರಿಂದ ಮಿದುಳಿಗೆ ಆಮ್ಲಜನಕ ತಪ್ಪಿತ್ತು. ಆ ಸ್ಥಿತಿಯಲ್ಲಿ ಅವರು ಕಳೆದ ಕಾಲ 2009ರ ಅರ್ಜಿಯಲ್ಲಿ '36 ವರ್ಷ' ಎಂದಿದೆ. 2011ರ ಮಾರ್ಚ್ 7ರ ತೀರ್ಪಿನ ಹೊತ್ತಿಗೆ 37 ವರ್ಷ ಮೂರು ತಿಂಗಳು ದಾಟಿತ್ತು. ಅವರು ನ್ಯುಮೋನಿಯಾದಿಂದ ತೀರಿಕೊಂಡದ್ದು 2015ರ ಮೇ 18ರಂದು. ಹೆಚ್ಚಾಗಿ ಮುದ್ರಿತವಾಗಿರುವ '42 ವರ್ಷ' ಪೂರ್ಣಾಂಕಕ್ಕೆ ತಂದದ್ದು. ಲೆಕ್ಕದಂತೆ ಅದು 41 ವರ್ಷ ಐದೂವರೆ ತಿಂಗಳಿಗೆ ತುಸು ಹೆಚ್ಚು.

3. ಕೋರಿಕೆ ಮತ್ತು ವೈದ್ಯರ ವರದಿ

ಲೇಖಕಿ ಪಿಂಕಿ ವಿರಾನಿ ಸಲ್ಲಿಸಿದ ಅರ್ಜಿಯ ಕೋರಿಕೆಯನ್ನು ಗಮನವಿಟ್ಟು ಓದಬೇಕು. ಯಂತ್ರವೊಂದನ್ನು ನಿಲ್ಲಿಸಿ ಎಂದು ಅದು ಕೇಳಲಿಲ್ಲ. ಆಹಾರ ಕೊಡುವುದನ್ನು ನಿಲ್ಲಿಸಲು ನಿರ್ದೇಶನ ಬೇಡಿತು. ಶಾನಭಾಗ ಕೃತಕ ಉಸಿರಾಟದ ಯಂತ್ರದ ಮೇಲೆ ಇರಲಿಲ್ಲ. 2010ರ ಸೆಪ್ಟೆಂಬರ್‌ವರೆಗೆ ಅವರಿಗೆ ಬಾಯಿಯಿಂದಲೇ ಉಣಿಸಲಾಗುತ್ತಿತ್ತು. ಮಲೇರಿಯಾ ಬಂದ ಮೇಲೆ ಮೂಗಿನ ನಳಿಕೆಯ ಆಸರೆ ಬೇಕಾಯಿತು.

ಅರ್ಜಿ ಮತ್ತು ಆಸ್ಪತ್ರೆಯ ಪ್ರಮಾಣಪತ್ರ ಒಂದಕ್ಕೊಂದು ತಾಳೆಯಾಗಲಿಲ್ಲ. ಅರ್ಜಿಯ ಚಿತ್ರಣದಲ್ಲಿ ಕಾಣುವುದು ಎಲುಬಿನ ಹಂದರವಾಗಿ ಉಳಿದ ದೇಹ. ರೋಗಿ ಆಹಾರ ಸ್ವೀಕರಿಸುತ್ತಾರೆ, ಮುಖಭಾವದಿಂದ ಸ್ಪಂದಿಸುತ್ತಾರೆ ಎಂಬುದು ಆಸ್ಪತ್ರೆಯ ಹೇಳಿಕೆ. ಈ ವ್ಯತ್ಯಾಸದ ಕಾರಣಕ್ಕೇ ನ್ಯಾಯಾಲಯ 2011ರ ಜನವರಿ 24ರಂದು ಮೂವರು ವೈದ್ಯರನ್ನು ನೇಮಿಸಿತು: ಜೆ.ವಿ. ದಿವಾಟಿಯಾ, ರೂಪ್ ಗುರ್ಸಹಾನಿ, ನೀಲೇಶ್ ಶಾ. ಅವರು ಕಂಡದ್ದು ಕೃಶವಾದ, ಆದರೆ ಶುಚಿಯಾಗಿದ್ದ ದೇಹ. ರೋಗಿ ಹಾಸಿಗೆಯಲ್ಲಿ ಮುದುಡಿ ಮಲಗಿದ್ದರು, ಎಡಗೈ ಆಡಿಸುತ್ತಿದ್ದರು, ಕೋಣೆಯಲ್ಲಿ ಜನ ಹೆಚ್ಚಾದಾಗ ದನಿ ಮಾಡುತ್ತಿದ್ದರು. ಬೆನ್ನುಹುಣ್ಣು ಇರಲಿಲ್ಲ. ನಿರಂತರ ಜಡಸ್ಥಿತಿಯ ಬಹುತೇಕ ಲಕ್ಷಣಗಳು ಇವೆ, ಮಿದುಳು ಸತ್ತಿಲ್ಲ ಎಂದು ಅವರು ವರದಿ ಮಾಡಿದರು.

ಮೂರೂವರೆ ದಶಕ ಮಲಗಿದ್ದವರ ಮೈಮೇಲೆ ಹುಣ್ಣಿಲ್ಲ ಎಂಬುದು ಕೇವಲ ವೈದ್ಯಕೀಯ ನಮೂದಲ್ಲ. ಅರುಣಾ ಅವರ ಪರವಾಗಿ ಮಾತನಾಡುವ ಅರ್ಹತೆ ಯಾರದು ಎಂಬ ಪ್ರಶ್ನೆಗೆ ಅದನ್ನೂ ಸಾಕ್ಷ್ಯವೆಂದೇ ಪರಿಗಣಿಸಬೇಕು. ತಂದೆತಾಯಿ ಇಲ್ಲದ, ಬಂಧುಗಳು ದೂರವಾದ ಸ್ಥಿತಿಯಲ್ಲಿ ಅವರ 'ನೆಕ್ಸ್ಟ್ ಫ್ರೆಂಡ್' ಎನಿಸುವವರು ಕೆಇಎಂ ಸಿಬ್ಬಂದಿಯೇ ಹೊರತು ಅರ್ಜಿದಾರರಲ್ಲ ಎಂದು ನ್ಯಾಯಮೂರ್ತಿಗಳಾದ ಮಾರ್ಕಂಡೇಯ ಕಾಟ್ಜು ಮತ್ತು ಜ್ಞಾನಸುಧಾ ಮಿಶ್ರಾ ಹೇಳಿದರು. ಸಿಬ್ಬಂದಿ ಅವರನ್ನು ಬದುಕಿಸಿಕೊಳ್ಳಲು ಬಯಸಿದ್ದರಿಂದ ಕೋರಿಕೆ ತಿರಸ್ಕೃತವಾಯಿತು. ಶಾನಭಾಗರಿಗೆ ದಯಾಮರಣ ದೊರೆಯಿತೆಂಬ ಅಲ್ಲಲ್ಲಿನ ಉಲ್ಲೇಖ ನಿರಾಧಾರ.

4. 2011ರ ತೀರ್ಪಿನ ಬುನಾದಿ

ಅದೇ ತೀರ್ಪು ಹೈಕೋರ್ಟಿನ ಅನುಮತಿಯ ಷರತ್ತಿನೊಂದಿಗೆ 'ನಿಷ್ಕ್ರಿಯ ದಯಾಮರಣ'ವನ್ನು, ಅಂದರೆ ಜೀವರಕ್ಷಕ ಚಿಕಿತ್ಸೆ ನಿಲ್ಲಿಸುವುದನ್ನು, ಒಪ್ಪಿತು. ಆತ್ಮಹತ್ಯೆಯ ಕುರಿತಾದ 1996ರ ಜ್ಞಾನ್ ಕೌರ್ ತೀರ್ಪು, ಜಡಸ್ಥಿತಿಯ ರೋಗಿಯ ಚಿಕಿತ್ಸೆ ನಿಲ್ಲಿಸಲು ಒಪ್ಪಿದ ಇಂಗ್ಲೆಂಡಿನ ಏರ್‌ಡೇಲ್ ಪ್ರಕರಣವನ್ನು ಅನುಮೋದಿಸಿದೆ ಎಂಬ ಓದು ಅದರ ಒಂದು ಆಧಾರ. ಜ್ಞಾನ್ ಕೌರ್ ಅದನ್ನು ಉಲ್ಲೇಖಿಸಿದೆಯಷ್ಟೇ ಎಂಬ ತಕರಾರನ್ನು ಮೂವರು ನ್ಯಾಯಮೂರ್ತಿಗಳ ಪೀಠ 2014ರ ಫೆಬ್ರುವರಿ 25ರಂದು ಎತ್ತಿ, ವಿಷಯವನ್ನು ಸಂವಿಧಾನ ಪೀಠಕ್ಕೆ ಒಪ್ಪಿಸಿತು. ಆದ್ದರಿಂದ ಇಂದಿನ ವ್ಯವಸ್ಥೆಯ ಕಾನೂನುಬಲ 2011ರ ತೀರ್ಪಿನದಲ್ಲ. 'ಕಾಮನ್ ಕಾಸ್' ಸಂಸ್ಥೆಯ ಅರ್ಜಿಯ ಮೇಲೆ 2018ರ ಮಾರ್ಚ್ 9ರಂದು ಐವರು ನ್ಯಾಯಮೂರ್ತಿಗಳು ಕೊಟ್ಟ ತೀರ್ಪಿನದು. ಇನ್ನೊಂದು ವ್ಯತ್ಯಾಸವೂ ಗಮನಾರ್ಹ. 'ನಿಷ್ಕ್ರಿಯ ದಯಾಮರಣ' ಎಂಬ ಪ್ರಯೋಗ ಬಿಡಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಅದೇ 2018ರಲ್ಲಿ ಹೇಳಿತು. ತೀರ್ಪು ಅದನ್ನು ಉಳಿಸಿಕೊಂಡಿತು. ಮಂಡಳಿಯ ನಿಲುವು ನೈತಿಕವಾಗಿ ಹೆಚ್ಚು ಸ್ಪಷ್ಟವೆಂದು ತೋರುತ್ತದೆ: ಫಲವಿಲ್ಲದ ಚಿಕಿತ್ಸೆ ನಿಲ್ಲಿಸಿದಾಗ ಸಾವು ನಿರೀಕ್ಷಿತವಾಗಿರಬಹುದು, ಉದ್ದೇಶಿತವಲ್ಲ.

5. 2018ರಿಂದ 2025

ಚಿಕಿತ್ಸೆ ನಿಲ್ಲಿಸಲು 2018ರ ತೀರ್ಪು ವಿಧಿಸಿದ ಕ್ರಮ ಆಚರಣೆಗೆ ಕಷ್ಟದ್ದಾಗಿತ್ತು. ತೀರ್ಮಾನಿಸುವ ಎರಡು ವೈದ್ಯಕೀಯ ಮಂಡಳಿಗಳ ತಜ್ಞರಿಗೆ 20 ವರ್ಷದ ಅನುಭವವಿರಬೇಕಿತ್ತು, ಎರಡನೆಯ ಮಂಡಳಿಯನ್ನು ಜಿಲ್ಲಾಧಿಕಾರಿ ರಚಿಸಬೇಕಿತ್ತು, ಮ್ಯಾಜಿಸ್ಟ್ರೇಟರು ಖುದ್ದಾಗಿ ರೋಗಿಯನ್ನು ನೋಡಬೇಕಿತ್ತು. 2023ರ ಜನವರಿ 24ರ ಮಾರ್ಪಾಡಿನಲ್ಲಿ ಅನುಭವ ಐದು ವರ್ಷಕ್ಕಿಳಿಯಿತು, ಎರಡೂ ಮಂಡಳಿ ಆಸ್ಪತ್ರೆಯಲ್ಲೇ ರಚನೆಯಾಗುವಂತಾಯಿತು, ಅಭಿಪ್ರಾಯಕ್ಕೆ ಸಾಧ್ಯವಾದಷ್ಟು 48 ಗಂಟೆಯ ಮಿತಿ ಬಂತು. ಯಾವ ಚಿಕಿತ್ಸೆ ಬೇಡವೆಂದು ವ್ಯಕ್ತಿ ಮೊದಲೇ ಬರೆದಿಡುವ ಮುಂಗಡ ವೈದ್ಯಕೀಯ ನಿರ್ದೇಶನಕ್ಕೆ ಮ್ಯಾಜಿಸ್ಟ್ರೇಟರ ಬದಲು ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ ಸಾಕಾಯಿತು.

ಕರ್ನಾಟಕದ ಆದೇಶ ಮುಖ್ಯವಾಗಿ ಈ ಮಾರ್ಪಡಿಸಿದ ಕ್ರಮವನ್ನು ಜಾರಿಗೆ ತರುವಂಥದು. ಎರಡನೆಯ ಮಂಡಳಿಗೆ ಜಿಲ್ಲಾ ಆರೋಗ್ಯಾಧಿಕಾರಿ ಯಾರನ್ನು ನಾಮನಿರ್ದೇಶನ ಮಾಡಬಹುದು ಎಂಬುದನ್ನು ಅದು ಗೊತ್ತುಪಡಿಸಿತು: ಅಂಗಾಂಗ ಕಸಿ ಕಾಯ್ದೆಯಡಿ ಮಾನ್ಯತೆ ಪಡೆದ ನರರೋಗ, ಅರಿವಳಿಕೆ, ತೀವ್ರ ನಿಗಾ ಮುಂತಾದ ವಿಭಾಗದ ವೈದ್ಯರು. ಇದನ್ನು ದಯಾಮರಣವೆಂದು ತಿಳಿಯಬಾರದು, ಜೀವರಕ್ಷಕ ಚಿಕಿತ್ಸೆಗೆ ಸ್ಪಂದಿಸದವರಿಗಷ್ಟೇ ಅನ್ವಯ ಎಂದು ಸಚಿವ ದಿನೇಶ್ ಗುಂಡೂರಾವ್ ಸ್ಪಷ್ಟಪಡಿಸಿದ್ದರು. ಹೀಗೆ ನೋಡಿದರೆ, ಸ್ವತಃ ಉಸಿರಾಡುತ್ತಿದ್ದ ಶಾನಭಾಗರ ಸ್ಥಿತಿ ಈ ಆದೇಶದ ನಡುವಿನ ಉದಾಹರಣೆಯಲ್ಲ, ಬಹುಶಃ ಅದರ ಅಂಚಿನದು.

6. ಮಂಡ್ಯ ಜಿಲ್ಲೆಯ ಒಂದು ಊರಿನಿಂದ ನೋಡಿದಾಗ

ಈ ವ್ಯವಸ್ಥೆ ಹಳ್ಳಿಯೊಂದಕ್ಕೆ ಹೇಗೆ ತಲುಪುತ್ತದೆ ಎಂದು ನೋಡಲು, ಶಿಂಷಾ ನದಿಯ ದಂಡೆಯ, ಮದ್ದೂರಿಗೆ ಸಮೀಪದ ವೈದ್ಯನಾಥಪುರವನ್ನು ತೆಗೆದುಕೊಳ್ಳೋಣ. ವೈದ್ಯನಾಥೇಶ್ವರನಿಗೆ ಹರಕೆ ಹೊರುವ ಈ ಊರಿನವರೊಬ್ಬರು ಮುಂಗಡ ನಿರ್ದೇಶನ ಬರೆದಿಟ್ಟರೆ, ಪ್ರತಿ ಕಾಪಿಡುವ ಹೊಣೆ ಸ್ಥಳೀಯ ಸಂಸ್ಥೆಯದು, ಅಂದರೆ ಪಂಚಾಯಿತಿಯದು. ಚಿಕಿತ್ಸೆ ನಿಲ್ಲಿಸುವ ತೀರ್ಮಾನಕ್ಕೆ ತಜ್ಞರ ಎರಡು ಮಂಡಳಿ ಬೇಕು. ಜಿಲ್ಲೆಯೊಳಗೆ ಅದಕ್ಕೆ ಮೊದಲು ನೆನಪಾಗುವುದು ಮಂಡ್ಯದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಜನರ ಬಾಯಲ್ಲಿ ಮಿಮ್ಸ್. ತಾಲ್ಲೂಕು ಮಟ್ಟದಲ್ಲಿ ಇಷ್ಟು ತಜ್ಞರು ಒಟ್ಟಿಗೆ ಸಿಗುವುದು ಕಷ್ಟ.

ಆದರೆ ಈ ಸೀಮೆಯಲ್ಲಿ ಇಂಥ ಹೆಚ್ಚಿನ ತೀರ್ಮಾನಗಳು ಮಂಡಳಿಯವರೆಗೆ ಹೋಗುವುದೇ ಅನುಮಾನ. 'ಇನ್ನೇನೂ ಆಗಲ್ಲ, ಮನೆಗೆ ಕರ್ಕೊಂಡೋಗಿ' ಎಂಬ ಮಾತಿನ ಮೇಲೆ, ಅಥವಾ ದುಡ್ಡು ಮುಗಿದ ಮೇಲೆ, ರೋಗಿಯನ್ನು ಆಂಬುಲೆನ್ಸಿನಲ್ಲಿ ಊರಿಗೆ ತರುತ್ತಾರೆ. ಆಮ್ಲಜನಕದ ನಳಿಕೆ ತೆಗೆಯುವುದು ಹಟ್ಟಿಯ ಮುಂದೆ. ಆಸ್ಪತ್ರೆಯ ಕಡತದಲ್ಲಿ ಸಾಮಾನ್ಯವಾಗಿ ಉಳಿಯುವುದು 'ವೈದ್ಯರ ಸಲಹೆಗೆ ವಿರುದ್ಧವಾಗಿ ಬಿಡುಗಡೆ' ಎಂಬ ಷರಾ ಮತ್ತು ಬಂಧುವೊಬ್ಬರ ಸಹಿ. ಚಿಕಿತ್ಸೆ ನಿಂತದ್ದು ರೋಗಿಯ ಇಚ್ಛೆಯಿಂದಲೋ, ವೈದ್ಯರ ಸೂಚನೆಯಿಂದಲೋ, ಬಡತನದಿಂದಲೋ ಎಂಬುದು ಆ ಷರಾದಿಂದ ತಿಳಿಯದು. 2018ರ ತೀರ್ಪಾಗಲಿ 2025ರ ಆದೇಶವಾಗಲಿ ವಿಧಿಸುವ ಯಾವ ಪರಿಶೀಲನೆಯೂ ಇಂಥ ಸಾವಿಗೆ ಒದಗುವುದಿಲ್ಲ. ನೋವು ತಗ್ಗಿಸುವ ಆರೈಕೆ ಮನೆಯಲ್ಲಿ ದೊರೆಯುವ ಖಾತ್ರಿಯೂ ಇರುವುದಿಲ್ಲ.