ಐಎನ್‌ಎಸ್ ವಿಕ್ರಮಾದಿತ್ಯ

ಐಎನ್‌ಎಸ್ ವಿಕ್ರಮಾದಿತ್ಯವು ಭಾರತೀಯ ನೌಕಾಪಡೆಯ ವಿಮಾನವಾಹಕ ಯುದ್ಧನೌಕೆ. ಉತ್ತರ ಕನ್ನಡ ಜಿಲ್ಲೆಯ ಕಾರವಾರದ ಬಳಿಯಿರುವ ಐಎನ್‌ಎಸ್ ಕದಂಬ ನೌಕಾನೆಲೆಯು ಇದರ ತವರು ಬಂದರು. ಈ ನೌಕೆಯು 284 ಮೀಟರ್ ಉದ್ದ ಹಾಗೂ 60 ಮೀಟರ್ ಅಗಲವಿದ್ದು, ಸುಮಾರು 44,500 ಟನ್ ತೂಗುತ್ತದೆ. ಇದರಲ್ಲಿ 1,600ರಷ್ಟು ಸಿಬ್ಬಂದಿ ಇರುತ್ತಾರೆ.

ಇತಿಹಾಸ

ಈ ನೌಕೆಯು 1987ರಲ್ಲಿ 'ಬಾಕು' ಎಂಬ ಹೆಸರಿನಲ್ಲಿ ಸೋವಿಯತ್ ನೌಕಾಪಡೆಯನ್ನು ಸೇರಿತು. ಮುಂದೆ 'ಅಡ್ಮಿರಲ್ ಗೋರ್ಷ್ಕೋವ್' ಎಂದು ಮರುನಾಮಕರಣಗೊಂಡು, 1996ರಲ್ಲಿ ಸೇವೆಯಿಂದ ನಿವೃತ್ತವಾಯಿತು. ಭಾರತವು 2004ರ ಜನವರಿಯಲ್ಲಿ ಇದರ ಖರೀದಿಗೆ ಒಪ್ಪಂದ ಮಾಡಿಕೊಂಡಿತು. 2008ರಲ್ಲಿ ಹಸ್ತಾಂತರವಾಗಬೇಕಿದ್ದ ನೌಕೆಯ ನವೀಕರಣವು ವರ್ಷಗಟ್ಟಲೆ ವಿಳಂಬವಾಗಿ, ವೆಚ್ಚವು 97.4 ಕೋಟಿ ಡಾಲರ್‌ಗಳಿಂದ ಸುಮಾರು 235 ಕೋಟಿ ಡಾಲರ್‌ಗಳಿಗೆ ಏರಿತು. 2012ರ ಸಮುದ್ರ ಪರೀಕ್ಷೆಯಲ್ಲಿ ಬಾಯ್ಲರ್‌ಗಳು ಕೆಟ್ಟಿದ್ದರಿಂದ ಮತ್ತೊಂದು ವರ್ಷ ಕಾಯಬೇಕಾಯಿತು. ಕೊನೆಗೆ 2013ರ ನವೆಂಬರ್ 16ರಂದು ರಷ್ಯಾದ ಸೆವೆರೊದ್ವಿನ್ಸ್ಕ್‌ನಲ್ಲಿ ಭಾರತೀಯ ನೌಕಾಪಡೆಗೆ ಸೇರ್ಪಡೆಯಾಯಿತು. 2014ರ ಜನವರಿಯಲ್ಲಿ ಕಾರವಾರಕ್ಕೆ ಬಂದಿತು.

ಕಾರವಾರದ ನೆಲೆ

ಮುಂಬಯಿ ಬಂದರಿನ ದಟ್ಟಣೆಯನ್ನು ಕಡಿಮೆ ಮಾಡಲು ರೂಪಿಸಿದ 'ಸೀಬರ್ಡ್' ಯೋಜನೆಗೆ 1986ರಲ್ಲಿ ಪ್ರಧಾನಿ ರಾಜೀವ್ ಗಾಂಧಿ ಶಂಕುಸ್ಥಾಪನೆ ಮಾಡಿದರು. ನೆಲೆಯು 2005ರ ಮೇ 31ರಂದು ಕಾರ್ಯಾರಂಭ ಮಾಡಿತು. ಬನವಾಸಿಯನ್ನು ರಾಜಧಾನಿಯಾಗಿ ಹೊಂದಿದ್ದ ಕದಂಬರ ಹೆಸರನ್ನು ಇದಕ್ಕೆ ಇಡಲಾಗಿದೆ. ಯೋಜನೆಗಾಗಿ ಕಾರವಾರ ಮತ್ತು ಅಂಕೋಲಾ ತಾಲ್ಲೂಕುಗಳ ಕರಾವಳಿ ಗ್ರಾಮಗಳ ಸಾವಿರಾರು ಕುಟುಂಬಗಳು ಮನೆ, ಹೊಲ ಮತ್ತು ಮೀನುಗಾರಿಕೆಯ ಕಡಲತೀರಗಳನ್ನು ಬಿಟ್ಟುಕೊಟ್ಟವು. ಪರಿಹಾರದ ಮೊತ್ತದ ಕುರಿತ ವ್ಯಾಜ್ಯಗಳು ನೆಲೆ ಆರಂಭವಾದ ಬಳಿಕವೂ ಹಲವು ವರ್ಷ ನಡೆದವು. ನೆಲೆಯಲ್ಲಿರುವ ಹಡಗು ಎತ್ತುವ ವ್ಯವಸ್ಥೆಯ ಸಾಮರ್ಥ್ಯ 10,000 ಟನ್. ವಿಕ್ರಮಾದಿತ್ಯವು ಇದಕ್ಕಿಂತ ಬಹಳ ಭಾರವಾಗಿರುವುದರಿಂದ ಅದರ ತಳಭಾಗದ ದುರಸ್ತಿಯನ್ನು ಕೊಚ್ಚಿಯ ಹಡಗುಕಟ್ಟೆಯಲ್ಲಿ ಮಾಡಲಾಗಿದೆ.

ವಿಮಾನಗಳ ಹಾರಾಟ

ಅಮೆರಿಕದ ದೊಡ್ಡ ವಿಮಾನವಾಹಕ ನೌಕೆಗಳಲ್ಲಿ ವಿಮಾನವನ್ನು ಯಂತ್ರವೊಂದು ಮುಂದಕ್ಕೆ ಚಿಮ್ಮಿಸುತ್ತದೆ. ವಿಕ್ರಮಾದಿತ್ಯದಲ್ಲಿ ಅಂತಹ ಯಂತ್ರವಿಲ್ಲ. ಮಿಗ್-29ಕೆ ವಿಮಾನಗಳು ಸ್ವಂತ ಎಂಜಿನ್ ಬಲದಿಂದಲೇ ಓಡಿ, ಮೇಲಕ್ಕೆ ಬಾಗಿದ ಮುಂಭಾಗದಿಂದ ನೆಗೆಯುತ್ತವೆ. ಇಳಿಯುವಾಗ ವಿಮಾನದ ಕೊಕ್ಕೆಯು ಅಡ್ಡಲಾಗಿ ಕಟ್ಟಿದ ಉಕ್ಕಿನ ಹಗ್ಗಕ್ಕೆ ಸಿಕ್ಕಿ ವೇಗವನ್ನು ತಡೆಯುತ್ತದೆ. 2020ರ ಜನವರಿ 11ರಂದು ಬೆಂಗಳೂರಿನಲ್ಲಿ ಅಭಿವೃದ್ಧಿಪಡಿಸಿದ ತೇಜಸ್ ವಿಮಾನದ ನೌಕಾ ಮಾದರಿಯು ಇದರ ಮೇಲೆ ಮೊದಲ ಬಾರಿಗೆ ಇಳಿಯಿತು.

ಅವಘಡಗಳು

2019ರ ಏಪ್ರಿಲ್ 26ರಂದು ನೌಕೆಯು ಕಾರವಾರ ಬಂದರನ್ನು ಪ್ರವೇಶಿಸುತ್ತಿದ್ದಾಗ ಬೆಂಕಿ ಕಾಣಿಸಿಕೊಂಡಿತು. ನಂದಿಸುವ ಕಾರ್ಯದ ನೇತೃತ್ವ ವಹಿಸಿದ್ದ ಲೆಫ್ಟಿನೆಂಟ್ ಕಮಾಂಡರ್ ಶ್ರೇಣಿಯ ಅಧಿಕಾರಿಯೊಬ್ಬರು ಹೊಗೆಯಿಂದ ಪ್ರಜ್ಞೆ ತಪ್ಪಿ, ಬಳಿಕ ಆಸ್ಪತ್ರೆಯಲ್ಲಿ ಮೃತಪಟ್ಟರು. 2022ರ ಜುಲೈನಲ್ಲಿ ಕಾರವಾರದ ಸಮೀಪದ ಸಮುದ್ರದಲ್ಲಿ ಮತ್ತೆ ಬೆಂಕಿ ಹೊತ್ತಿಕೊಂಡಿತಾದರೂ ಪ್ರಾಣಹಾನಿಯಾಗಲಿಲ್ಲ.