ಡಾಕ್ಟರ್ ಬೇಕಾಗಿದ್ದು ಯಾರಿಗೆ?

ಹಂಪನಕಟ್ಟೆಯ ವೆನ್ಲಾಕ್ ಆಸ್ಪತ್ರೆ ಗೊತ್ತಲ್ಲ? ಕಾಸರಗೋಡಿನಿಂದ ಹಿಡಿದು ಘಟ್ಟದ ಮೇಲಿನವರೆಗೂ ಬಡವರು ನಂಬಿಕೊಂಡು ಬರುವ ಜಾಗ. ಶುರುವಾಗಿದ್ದು 1848ರಲ್ಲಿ, ಕಂಪನಿ ಸರ್ಕಾರದ ಕಾಲದಲ್ಲಿ. ಅದರ ಮುಂದೆ ಹಾದುಹೋಗುವಾಗಲೆಲ್ಲ ನನಗೊಂದು ಪ್ರಶ್ನೆ ಕಾಡುತ್ತೆ. ನಮ್ಮ ಕಡೆ ಇಂಗ್ಲಿಷ್ ವೈದ್ಯ ಕಲಿಸೋಕೆ ಶುರು ಮಾಡಿದ್ದು ಯಾರಿಗೋಸ್ಕರ?

ನಿಮಗೋಸ್ಕರ, ನನಗೋಸ್ಕರ ಅಲ್ಲ ಸ್ವಾಮಿ. ಸಿಪಾಯಿಗಳಿಗೋಸ್ಕರ!

ಆಗ ಮಂಗಳೂರು ಇದ್ದದ್ದು ಮದ್ರಾಸ್ ಪ್ರಾಂತ್ಯದಲ್ಲಿ. ಮದ್ರಾಸಿನಲ್ಲಿ 1664ರಲ್ಲಿ ಕಂಪನಿ ತೆರೆದ ಆಸ್ಪತ್ರೆಯೇ ಕೋಟೆಯೊಳಗಿನ ಕಾಯಿಲೆ ಬಿದ್ದ ಸೈನಿಕರಿಗೆ. 1835ರಲ್ಲಿ ಅಲ್ಲೇ ಒಂದು ಮೆಡಿಕಲ್ ಸ್ಕೂಲ್ ಬಂತು. ಸರ್ಜನ್‌ಗಳನ್ನು ಬ್ರಿಟನ್ನಿಂದ ಹಡಗು ಹತ್ತಿಸಿ ಕರೆಸಬೇಕು, ಎಷ್ಟು ಜನರನ್ನು ಕರೆಸ್ತಾರೆ? ಔಷಧಿ ಬೆರೆಸೋಕೆ, ಗಾಯಕ್ಕೆ ಪಟ್ಟಿ ಕಟ್ಟೋಕೆ ಇಲ್ಲಿಯದೇ ಕೈಗಳು ಬೇಕು. ಹಾಗಾಗಿ ಸೈನ್ಯಕ್ಕೆ ಅಪಾಥಿಕರಿಗಳನ್ನು, ಡ್ರೆಸ್ಸರ್‌ಗಳನ್ನು ತಯಾರು ಮಾಡುವ ಸ್ಕೂಲು ಅದು. ಸೈನ್ಯದ ಹೊರಗಿನವರಿಗೆ ಬಾಗಿಲು ತೆರೆದದ್ದು ಆಮೇಲೆ, 1838ರಲ್ಲಿ. 1850ರಲ್ಲಿ ಅದೇ ಮದ್ರಾಸ್ ಮೆಡಿಕಲ್ ಕಾಲೇಜಾಯಿತು.

ಮೇಲಿನ ಹುದ್ದೆಗಳ ಕಥೆಯೂ ಅಷ್ಟೇ. ಇಂಡಿಯನ್ ಮೆಡಿಕಲ್ ಸರ್ವಿಸ್ ಅನ್ನೋದು ಮೂಲತಃ ಸೈನ್ಯದ ಸೇವೆ. ಜಿಲ್ಲೆಗಳಿಗೆ ಅದರ ಅಧಿಕಾರಿಗಳನ್ನು ಎರವಲು ಕೊಡುತ್ತಿದ್ದರು. 1914ರಲ್ಲಿ ಯುದ್ಧ ಶುರುವಾದದ್ದೇ ತಡ, ಎರವಲು ಕೊಟ್ಟವರನ್ನು ವಾಪಸ್ ಕರೆಸಿಕೊಂಡರು. ಜಿಲ್ಲೆಯ ರೋಗಿ? ಅವನು ಕಾಯಬೇಕು.

ಆದರೆ ಇತಿಹಾಸ ಎಲ್ಲೆಲ್ಲಿಗೋ ತಿರುಗುತ್ತೆ ನೋಡಿ. ಸಿಪಾಯಿಗಳಿಗೋಸ್ಕರ ಹುಟ್ಟಿದ ಆ ಕಾಲೇಜಿನಲ್ಲೇ ಕಲಿತ ಡಾ. ಟಿ.ಎಂ.ಎ. ಪೈ 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದರು. 1955ರಲ್ಲಿ ಅದು ಮಂಗಳೂರಿಗೂ ಬಂತು. ಖಾಸಗಿ ಕಾಲೇಜಿನ ಹುಡುಗರು ಸರ್ಕಾರಿ ವೆನ್ಲಾಕ್‌ನಲ್ಲಿ ರೋಗಿಯ ನಾಡಿ ಹಿಡಿದು ಕಲಿತರು. ಈ ಏರ್ಪಾಟು ಒಪ್ಪದವರು ಇದ್ದಾರೆ. ನಾನಂತೂ ಒಪ್ಪುತ್ತೇನೆ.

ಸೈನ್ಯ ಸುಮ್ಮನೆ ಕೂರಲಿಲ್ಲ. 1948ರಲ್ಲಿ ಪುಣೆಯಲ್ಲಿ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜು, 1962ರಿಂದ ಅಲ್ಲೇ ಎಂಬಿಬಿಎಸ್. ಲೆಕ್ಕ ಸರಳ. ಓದಿಸೋದು ನಾವು, ಓದಿದ ಮೇಲೆ ದುಡಿಯೋದು ನೀವು, ಕಳಿಸಿದ ಕಡೆ ಹೋಗಬೇಕು. ಸೇರುವಾಗಲೇ ಬಾಂಡ್‌ಗೆ ಸಹಿ.

ಇದೇ ಲೆಕ್ಕವನ್ನು ಹಳ್ಳಿಗೂ ಹಾಕೋಣ ಅಂತ ಕರ್ನಾಟಕ ಸರ್ಕಾರ 2012ರಲ್ಲಿ ಕಾನೂನು ತಂದಿತು. ವೈದ್ಯಕೀಯ ಓದು ಮುಗಿಸಿದವರು ಒಂದು ವರ್ಷ ಸರ್ಕಾರಿ ಸೇವೆ ಮಾಡಲೇಬೇಕು ಅಂತ ಆಗ ಅದರಲ್ಲಿತ್ತು. ಒಂದೇ ವರ್ಷ! ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. ಹೈಕೋರ್ಟ್ ಆ ಕಾನೂನನ್ನು ಎತ್ತಿಹಿಡಿಯುವಷ್ಟರಲ್ಲಿ 2019 ಬಂದಿತ್ತು.